ಬಾಗಿಲ ಹೊರಗೆ ಕುಳಿತ ಪಾಂಪಿ

ಹಾಲಿವುಡ್‌ನ ಹಳೆಯ ಕೌಬಾಯ್ ಚಿತ್ರಗಳನ್ನು ಮೆಚ್ಚಿ ನೋಡಿದ ತಲೆಮಾರಿಗೆ ಸೇರಿದವನು ನಾನು. ಆ ಬಯಲು, ಕುದುರೆ, ಧೂಳುಗಳ ಸೆಳೆತ ಇಂದಿಗೂ ಕಡಿಮೆಯಾಗಿಲ್ಲ. ಆದರೆ ಅರ್ಥಶಾಸ್ತ್ರ ಓದಿದವನ ದುರಭ್ಯಾಸವೊಂದುಂಟು: ಯಾವ ಸಮಾಜವನ್ನು ಕಂಡರೂ ಅಲ್ಲಿ ದುಡಿಯುವವರು ಯಾರೆಂದು ಕಣ್ಣು ಹುಡುಕುತ್ತದೆ. ಈ ಚಿತ್ರಗಳಲ್ಲಿ ಆ ಲೆಕ್ಕ ತಾಳೆಯಾಗುವುದೇ ಇಲ್ಲ.

ಟೆಕ್ಸಾಸ್‌ನ ದನಗಳ ಹಿಂಡುಗಳನ್ನು ನೋಡಿಕೊಳ್ಳುತ್ತಿದ್ದವರಲ್ಲಿ ಕಪ್ಪು ಗುಲಾಮರು ಬಹಳ ಮಂದಿ. 1865ರಲ್ಲಿ ಬಿಡುಗಡೆ ಹೊಂದಿದ ಬಳಿಕ ಅದೇ ಕೆಲಸವನ್ನು ಅವರು ಕೂಲಿಗೆ ಮಾಡಿದರು. ಕೌಬಾಯ್‌ಗಳ ಪೈಕಿ ಸುಮಾರು ನಾಲ್ವರಲ್ಲಿ ಒಬ್ಬ ಕಪ್ಪು ವರ್ಣೀಯನೆಂಬುದು ಇತಿಹಾಸಕಾರರು ಸಾಮಾನ್ಯವಾಗಿ ನೀಡುವ ಅಂದಾಜು. ಆ ಕಸುಬಿನ ಮೂಲ ವಿದ್ಯೆ ಮೆಕ್ಸಿಕೊದ ದನಗಾಹಿಗಳದ್ದು. ‘ರೋಡಿಯೊ’ ಎಂಬ ಪದವೂ ಸ್ಪ್ಯಾನಿಷ್‌ನಿಂದ ಬಂದದ್ದು. 1869ರಲ್ಲಿ ಪೂರ್ಣಗೊಂಡ ಖಂಡಾಂತರ ರೈಲುಮಾರ್ಗದ ಪಶ್ಚಿಮ ಭಾಗವನ್ನು ಹಾಕಿದವರು ಸಾವಿರಾರು ಚೀನೀ ಕೂಲಿಗಳು. ಬೆಳ್ಳಿತೆರೆಗೆ ಬರುವಷ್ಟರಲ್ಲಿ ಇವರೆಲ್ಲ ಅಡುಗೆಯವರೋ ಅಗಸರೋ ದರೋಡೆಕೋರರೋ ಆಗಿಬಿಡುತ್ತಾರೆ, ಇಲ್ಲವೇ ಕಾಣೆಯಾಗುತ್ತಾರೆ.

ಮೂಲನಿವಾಸಿಗಳು ಕಾಣೆಯಾಗಲಿಲ್ಲ, ನಿಜ. ಅವರಿಲ್ಲದೆ ಕಥೆಯೇ ನಡೆಯದು. ಆದರೆ ಜಾನ್ ಫೋರ್ಡ್ ಅವರ ‘ದಿ ಸರ್ಚರ್ಸ್’ (1956) ಚಿತ್ರದ ಕೊಮಾಂಚೆ ನಾಯಕನ ಪಾತ್ರಧಾರಿ ಬರ್ಲಿನ್‌ನಲ್ಲಿ ಹುಟ್ಟಿದ ಹೆನ್ರಿ ಬ್ರ್ಯಾಂಡನ್. ಅವನ ಹಿಂದೆ ಕುದುರೆ ಓಡಿಸುವವರು ಆ ನೆಲದವರೇ ಆದ ನವಾಹೋ ಜನ. ಶೆಯೆನ್ ಜನರಿಗಾದ ಅನ್ಯಾಯವನ್ನು ಹೇಳಲೆಂದೇ ಫೋರ್ಡ್ 1964ರಲ್ಲಿ ‘ಶೆಯೆನ್ ಆಟಮ್’ ನಿರ್ಮಿಸಿದರು. ಅದರಲ್ಲಿಯೂ ಪ್ರಮುಖ ಶೆಯೆನ್ ಪಾತ್ರಗಳು ದಕ್ಕಿದ್ದು ಮೆಕ್ಸಿಕೊ ಮೂಲದ ರಿಕಾರ್ಡೊ ಮೊಂಟಾಲ್ಬಾನ್, ಗಿಲ್ಬರ್ಟ್ ರೋಲಂಡ್, ಡೊಲೊರೆಸ್ ಡೆಲ್ ರಿಯೊ ಅವರಿಗೆ. ಗುಂಪಿನಲ್ಲಿ ನಿಂತವರು ಮತ್ತೆ ನವಾಹೋಗಳು. ಪಶ್ಚಾತ್ತಾಪದ ಚಿತ್ರದಲ್ಲೂ ಕೂಲಿ ಒಬ್ಬರಿಗೆ, ಹೆಸರು ಇನ್ನೊಬ್ಬರಿಗೆ.

ಬಂಡವಾಳ ಹೂಡುವವರು ಹೆಸರಾಂತ ನಟರನ್ನೇ ಕೇಳುತ್ತಿದ್ದರೆಂಬ ಸಮರ್ಥನೆಯುಂಟು. ಪಾತ್ರ ಕೊಡದೆ ಹೆಸರು ಬರುವುದೆಂತು? ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ಮಾರುಕಟ್ಟೆಯ ನಿಯಮವೆಂದು ಒಪ್ಪಲು ನಾನು ಸಿದ್ಧನಿಲ್ಲ.

ಇಷ್ಟಾದರೂ ಫೋರ್ಡ್ ಅವರನ್ನು ಸುಲಭವಾಗಿ ತಳ್ಳಿಹಾಕಲಾಗದು. ಅವರ ‘ದಿ ಮ್ಯಾನ್ ಹೂ ಶಾಟ್ ಲಿಬರ್ಟಿ ವ್ಯಾಲೆನ್ಸ್’ (1962) ಚಿತ್ರದಲ್ಲಿ ಪಾಂಪಿ ಎಂಬ ಕಪ್ಪು ವರ್ಣೀಯ ಆಳು ಇದ್ದಾನೆ. ಪಾತ್ರಧಾರಿ ವುಡಿ ಸ್ಟ್ರೋಡ್. ವಕೀಲ ಸ್ಟಾಡರ್ಡ್ ಊರಿನವರಿಗೆ ಅಕ್ಷರ ಕಲಿಸುತ್ತಿದ್ದಾನೆ. ಗೋಡೆಯ ಮೇಲೆ ಲಿಂಕನ್ ಚಿತ್ರ. ಸ್ವಾತಂತ್ರ್ಯ ಘೋಷಣೆಯನ್ನು ಹೇಳಲು ನಿಂತ ಪಾಂಪಿ, ಮನುಷ್ಯರೆಲ್ಲ ಸಮಾನರೆಂಬ ಮಾತು ಬರುವ ಹೊತ್ತಿಗೆ ಮರೆತು ತಡವರಿಸುತ್ತಾನೆ. ಅದನ್ನು ಬಹಳ ಮಂದಿ ಮರೆಯುತ್ತಾರೆ ಎಂದು ಮೇಷ್ಟ್ರು ಸಮಾಧಾನ ಹೇಳುತ್ತಾನೆ. ಅಷ್ಟರಲ್ಲಿ ಯಜಮಾನ ಬಂದು ಆಳನ್ನು ಕೆಲಸಕ್ಕೆ ಅಟ್ಟುತ್ತಾನೆ.

ಮುಂದೆ ಊರಿನವರು ಸಲೂನಿನಲ್ಲಿ ಸೇರಿ ಪ್ರತಿನಿಧಿಗಳನ್ನು ಆರಿಸುತ್ತಾರೆ. ಪ್ರಜಾಪ್ರಭುತ್ವದ ಬಗ್ಗೆ ದೊಡ್ಡ ಮಾತುಗಳಾಗುತ್ತವೆ. ಪಾಂಪಿ ಬಾಗಿಲ ಹೊರಗಿದ್ದಾನೆ. ಹಲವು ಚುನಾವಣೆಗಳ ಕರ್ತವ್ಯ ನಿರ್ವಹಿಸಿದ ನನ್ನಂಥವನಿಗೆ ಆ ದೃಶ್ಯದಲ್ಲಿ ಮೊದಲು ಕಾಣುವುದು ಒಳಗಿನ ಭಾಷಣಕಾರರಲ್ಲ. ಕ್ಯಾಮೆರಾ ಅವನನ್ನು ಕಂಡಿದೆ, ಕಥೆ ಮಾತ್ರ ಅವನ ಕಡೆ ತಿರುಗುವುದಿಲ್ಲ. ಸುಂದರವಾಗಿ ತೆಗೆದ ಚಿತ್ರವೆಂದು ಈ ಕೊರತೆಯನ್ನು ಮನ್ನಿಸುವವರಿದ್ದಾರೆ. ಇಷ್ಟು ಚೆನ್ನಾಗಿ ಬಲ್ಲ ನಿರ್ದೇಶಕನೂ ಅಲ್ಲಿಗೇ ನಿಂತನಲ್ಲ ಎಂಬುದು ನನ್ನ ತಕರಾರು.

ವರ್ಷಗಳು ಉರುಳುತ್ತವೆ. ಸ್ಟಾಡರ್ಡ್ ಸೆನೆಟರ್ ಆಗಿ, ಯಜಮಾನನ ಅಂತ್ಯಸಂಸ್ಕಾರಕ್ಕೆಂದು ಊರಿಗೆ ಮರಳುತ್ತಾನೆ. ಶವಪೆಟ್ಟಿಗೆಯ ಬಳಿ ತಲೆ ನರೆತ ಪಾಂಪಿ ಒಬ್ಬನೇ ಕುಳಿತಿದ್ದಾನೆ. ಹೊರಡುವಾಗ ಸೆನೆಟರ್ ತನ್ನ ಹಳೆಯ ವಿದ್ಯಾರ್ಥಿಯ ಕೈಗೆ ಒಂದಿಷ್ಟು ಹಣ ತುರುಕಿ ವಾಷಿಂಗ್ಟನ್ ಕಡೆಗೆ ರೈಲು ಹತ್ತುತ್ತಾನೆ.