ಸೊಂಟದ ಸಣ್ಣ ಚಾಕು: ರೈತನಿಗೆ ಒಗ್ಗುವುದು ಯಾವುದು?

ದಾಳಿಂಬೆ ತೋಟದ ದೊಡ್ಡ ಶತ್ರು ದುಂಡಾಣು ಅಂಗಮಾರಿ. ಸೊಲ್ಲಾಪುರ ಸೀಮೆಯ ಬೆಳೆಗಾರರು ಅದನ್ನು ‘ತೇಲ್ಯಾ’ ಎನ್ನುತ್ತಾರೆ. ಎಲೆ, ಕಾಯಿಗಳ ಮೇಲೆ ಎಣ್ಣೆ ಬಿದ್ದಂಥ ಕಲೆ ಮೂಡುತ್ತದೆ, ಕಾಯಿ ಬಿರಿಯುತ್ತದೆ, ವರ್ಷದ ದುಡಿಮೆ ಮಣ್ಣುಪಾಲಾಗುತ್ತದೆ. ಮಳೆಹನಿಯ ಜೊತೆಗೆ ತೋಟಗಾರನ ಕತ್ತರಿ, ಚಾಕುಗಳೂ ಈ ರೋಗವನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತವೆ. ಅದಕ್ಕೇ ಗಿಡ ಮುಟ್ಟಿದ ಅಲಗನ್ನು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿಯೇ ಮುಂದಿನ ಗಿಡಕ್ಕೆ ಹೋಗಬೇಕೆಂದು ತಜ್ಞರು ಹೇಳುತ್ತಾರೆ. ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ 2005ರಲ್ಲಿ ಸೊಲ್ಲಾಪುರದಲ್ಲೇ ಶುರುವಾಯಿತೆಂದರೆ ಈ ಬೆಳೆಯ ತೂಕ ಎಷ್ಟೆಂದು ತಿಳಿಯುತ್ತದೆ.

ಮಡಚುವ ಚಾಕು ಸೋಲುವುದು ಇಲ್ಲಿಯೇ. ಅದು ಕಿಸೆಯಲ್ಲಿ ಅಡಗುತ್ತದೆ, ನಿಜ. ಆದರೆ ಅದರ ಕೀಲಿನೊಳಗೆ ಹಣ್ಣಿನ ರಸ, ಎರೆಮಣ್ಣು, ಗೊಬ್ಬರದ ಪುಡಿ ಎಲ್ಲವೂ ಸೇರಿಕೊಳ್ಳುತ್ತವೆ. ಹೊರಗೆ ಎಷ್ಟೇ ತೊಳೆದರೂ ಒಳಗಿನ ಕೊಳೆ ಒಳಗೇ ಉಳಿಯುತ್ತದೆ. ಮಡಚದ ಚಾಕುವಿಗೆ ಕೀಲಿಲ್ಲ, ಸ್ಪ್ರಿಂಗಿಲ್ಲ. ಅದ್ದಿ, ತೊಳೆದು, ಒರೆಸಿದರೆ ಆಯಿತು. ದಪ್ಪ ಕೊಂಬೆಗೆ ಕತ್ತರಿ ಬೇಕೇ ಬೇಕು. ಡ್ರಿಪ್ಪಿನ 16 ಮಿ.ಮೀ. ಪೈಪು ಕೊಯ್ಯಲು, ಗೊಬ್ಬರದ ಚೀಲ ಬಿಚ್ಚಲು, ಸುತಳಿ ಹರಿಯಲು, ಕಾಯಿ ಸೀಳಿ ಕಾಳಿನ ಬಣ್ಣ ನೋಡಲು ಮಾತ್ರ ಬೇಕಾದದ್ದು ಮೂರು ಇಂಚಿನ ಒಂದು ಗಟ್ಟಿ ಅಲಗು.

ಆ ಅಲಗು ಯಾವ ಉಕ್ಕಿನದಾಗಿರಬೇಕು? ಹಳ್ಳಿಯ ಕಂಬಾರರ ಉತ್ತರ ಬಹುಕಾಲದಿಂದ ಒಂದೇ: ಲಾರಿಯ ಹಳೆಯ ಕಮಾನುಪಟ್ಟಿ. ಅದು ಸಾಮಾನ್ಯವಾಗಿ ಅರ್ಧ ಪ್ರತಿಶತದ ಆಸುಪಾಸು ಇಂಗಾಲವಿರುವ ಉಕ್ಕು. ಕೆಂಪಗೆ ಕಾಸಿ ಎಣ್ಣೆಯಲ್ಲಿ ಅದ್ದಿದರೆ ಬಿರುಸಾಗುತ್ತದೆ. ಆಮೇಲೆ ಮತ್ತೆ ಹದವಾಗಿ, ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಸಿದಾಗ ಮುರಿಯುವ ಗುಣ ಕಳೆದು ತಾಳುವ ಗುಣ ಬರುತ್ತದೆ. ಈ ಎರಡನೆಯ ಕಾವನ್ನು ಅವಸರದಲ್ಲಿ ಬಿಟ್ಟರೆ ಚಾಕುವಿನ ಬಾಯಿ ಚಕ್ಕೆಯೇಳುತ್ತದೆ. ಕಾವು ಮಿತಿಮೀರಿದರೆ ಬಾಯಿ ಬೇಗ ಮೊಂಡಾಗುತ್ತದೆ. ಕಾಸಿದ ಉಕ್ಕಿನ ಮೇಲೆ ಮೂಡುವ ಒಣಹುಲ್ಲಿನ ಬಣ್ಣವನ್ನು ಕಣ್ಣಳತೆಯಲ್ಲೇ ಹಿಡಿಯುವ ಕಂಬಾರನ ಕಸುಬಿಗೆ ಈಗ ಸಿಗುತ್ತಿರುವ ಬೆಲೆ ತೀರ ಕಡಿಮೆ.

ಕಮಾನುಪಟ್ಟಿಯ ಚಾಕುವಿಗೆ ಒಂದು ಕೊರತೆಯೂ ಇದೆ. ದಾಳಿಂಬೆ ಸಿಪ್ಪೆಯಲ್ಲಿ ಟ್ಯಾನಿನ್ ಹೇರಳ. ಕಬ್ಬಿಣಕ್ಕೆ ಅದು ತಾಗಿದರೆ ಕಡುಕಪ್ಪು ಬಣ್ಣ ಹುಟ್ಟುತ್ತದೆ. ಹಾಗೆ ಕಪ್ಪಾದರೆ ನಷ್ಟವೇನಿಲ್ಲ, ಆದರೆ ಹೈಪೋಕ್ಲೋರೈಟ್ ತಾಗಿದ ಅಲಗನ್ನು ತೊಳೆಯದೆ ಇಟ್ಟರೆ ಬೇಗ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಉಕ್ಕಿನಲ್ಲಿ ಕನಿಷ್ಠ 10.5 ಪ್ರತಿಶತ ಕ್ರೋಮಿಯಂ ಇರುವುದರಿಂದ ಅದು ಹೆಚ್ಚು ತಾಳುತ್ತದೆ. ಹಾಗೆಂದು ಅದನ್ನೂ ತೊಳೆಯದೆ ಬಿಡುವಂತಿಲ್ಲ, ದ್ರಾವಣದ ಕ್ಲೋರಿನ್ ಅಂಶ ಅಲ್ಲೂ ಸಣ್ಣ ಗುಳಿಗಳನ್ನು ಕೊರೆಯುತ್ತದೆ. ಅಗ್ಗದ ಸ್ಟೇನ್‌ಲೆಸ್ ಚಾಕುಗಳ ಬಾಯಿ ಬಲುಬೇಗ ಮೊಂಡಾಗುತ್ತದೆ ಎಂಬ ರೈತರ ದೂರು ಸುಳ್ಳಲ್ಲ. ಅವುಗಳ ಉಕ್ಕಿನಲ್ಲಿ ಇಂಗಾಲ ಕಡಿಮೆ.

ದ್ರಾಕ್ಷಿ ತೋಟದಲ್ಲಿ ಲೆಕ್ಕವೇ ಬೇರೆ. ಡಾಗ್‌ರಿಜ್ ಬೇರುಸಸಿಗೆ ತಳಿ ಕಸಿಕಟ್ಟುವಾಗ ಗಾಯ ನುಣುಪಾಗಿರಬೇಕು, ಎರಡು ಕಡ್ಡಿಗಳು ಸಂದಿಲ್ಲದೆ ಕೂಡಬೇಕು. ಆ ಕೆಲಸಕ್ಕೆ ಒಂದೇ ಮಗ್ಗುಲು ಮಸೆದ ತೆಳು ಚಾಕುವೇ ಸರಿ. ಅದರಿಂದ ತಂತಿ ಮೀಟುವುದು, ಡಬ್ಬಿ ತೆರೆಯುವುದು ಮಾಡಿದರೆ ಚಾಕುವೂ ಹೋಗುತ್ತದೆ, ಕಸಿಯೂ ಹೋಗುತ್ತದೆ.

ಹೊರದೇಶದವುಗಳಲ್ಲಿ ಹೋಲಿಕೆಗೆ ಯೋಗ್ಯವಾದದ್ದು ಸ್ವೀಡನ್ನಿನ ಮೋರಾ ಪಟ್ಟಣದ ಚಾಕು. 1891ರಲ್ಲಿ ಬೇರುಬಿಟ್ಟ ಈ ಉದ್ಯಮದ ‘ಕಂಪ್ಯಾನಿಯನ್’ ಎಂಬ ಚಾಕುವಿಗೆ ಸುಮಾರು 10 ಸೆಂ.ಮೀ. ಅಲಗು, ಪ್ಲಾಸ್ಟಿಕ್ ಒರೆ, ಜಾರದ ಹಿಡಿ. ಒರೆಯನ್ನೂ ಚಾಕುವಿನಂತೆಯೇ ನೀರಲ್ಲಿ ತೊಳೆಯಬಹುದು. ಚರ್ಮದ ಒರೆ ನೋಡಲು ಚೆಂದ, ಆದರೆ ಒದ್ದೆ ಚಾಕು ಇಟ್ಟರೆ ತೇವ ಹಿಡಿದಿಟ್ಟು ತುಕ್ಕು ತರುತ್ತದೆ. ನಮ್ಮ ಕಂಬಾರರ ಚಾಕುಗಳು ಹಿಂದೆ ಬಿದ್ದಿರುವುದು ಈ ಒರೆಯ ವಿಷಯದಲ್ಲಿ. ಬಟ್ಟೆ ಸುತ್ತಿ ಸೊಂಟಕ್ಕೆ ಸಿಕ್ಕಿಸಿದ ಬರಿಯ ಅಲಗು ಬಗ್ಗಿದಾಗ ಹೊಟ್ಟೆಗೇ ನಾಟಬಹುದು.

ಕೆಲಸದ ಚಾಕು ಮತ್ತು ಆಯುಧದ ಅಂತರ ನೋಡಬೇಕಾದವರು ಅಕ್ಕಲಕೋಟೆಗೆ ಹೋಗಬೇಕು. ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಅನೇಕರು ಭೋಸಲೆ ಅರಸರ ಅರಮನೆಯ ಶಸ್ತ್ರಾಗಾರವನ್ನು ನೋಡದೆಯೇ ಮರಳುವುದು ಖೇದದ ಸಂಗತಿ. ಕಠಾರಿಯಂಥ ಆಯುಧದ ಅಲಗಿಗೆ ಎರಡೂ ಕಡೆ ಬಾಯಿ. ಕವಚ ತೂರಲೆಂದೇ ಅದರ ಮೊನೆಯನ್ನು ದಪ್ಪಗೆ ಮಾಡುತ್ತಿದ್ದರು. ಹಿಡಿಯೂ ಮುಷ್ಟಿಯಿಂದ ಮುಂದಕ್ಕೆ ತಿವಿಯುವುದಕ್ಕೆ ಹೊಂದುವಂಥದ್ದು. ಕೆಲಸದ ಚಾಕುವಿಗೆ ಒಂದೇ ಬಾಯಿ. ಹೆಬ್ಬೆರಳು ಊರಲು ಮೊಂಡು ಬೆನ್ನು ಬೇಕು. ಕೊಡವರು ನಡುವಿನ ಚೇಲೆಗೆ ಸಿಕ್ಕಿಸುವ ಪೀಚೆಕತ್ತಿ ಇವೆರಡರ ಸಾಲಿಗೂ ಸೇರದು. ಇಂದು ಅದು ಹಬ್ಬ, ಮದುವೆಗಳ ಉಡುಗೆಯ ಭಾಗ.

ಕಾನೂನೂ ಈ ಅಂತರವನ್ನು ಒಪ್ಪುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಗಳು ಆಯುಧಗಳ ಸಾಲಿಗೆ ಸೇರಿಸಿರುವುದು 9 ಇಂಚಿಗಿಂತ ಉದ್ದದ ಇಲ್ಲವೆ 2 ಇಂಚಿಗಿಂತ ಅಗಲದ ಅಲಗುಗಳನ್ನು. ಮನೆಬಳಕೆ, ಬೇಸಾಯದ ಸಲಕರಣೆಗಳನ್ನು ಅದರಿಂದ ಹೊರಗಿಟ್ಟಿವೆ. ಆದರೆ 1951ರ ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 37ನೇ ಕಲಮಿನಡಿ ಅಧಿಕಾರಿಗಳು ಸಾರ್ವಜನಿಕ ಸ್ಥಳಗಳಲ್ಲಿ ಚಾಕು ಒಯ್ಯುವುದನ್ನೇ ಕೆಲಕಾಲ ನಿಷೇಧಿಸಬಹುದು. ಹೊಲದಿಂದ ನೇರವಾಗಿ ಸಿದ್ಧೇಶ್ವರ ಜಾತ್ರೆಗೋ ಚುನಾವಣಾ ಸಭೆಗೋ ಹೊರಟವರು ಚಾಕುವನ್ನು ಮನೆಯಲ್ಲಿಟ್ಟು ಹೋಗುವುದೇ ಲೇಸು.

ಕೊಳ್ಳುವವರು ಮೊದಲು ನೋಡಬೇಕಾದದ್ದು ಹಿಡಿಯನ್ನು. ಅಲಗಿನ ಉಕ್ಕು ಹಿಡಿಯ ತುದಿಯವರೆಗೂ ಸಾಗಿ ರಿವೆಟ್ ಕೂತಿದ್ದರೆ ಚಾಕು ವರ್ಷಗಟ್ಟಲೆ ಬಾಳುತ್ತದೆ. ಬೆರಳುದ್ದದ ಬಾಲವನ್ನು ಕಟ್ಟಿಗೆಯಲ್ಲಿ ತುರುಕಿ ಅರಗು ಹಾಕಿದ್ದರೆ ಒಂದು ದಿನ ಕಿತ್ತು ಬರುತ್ತದೆ. ದಾಳಿಂಬೆ ತೋಟಕ್ಕೆ ಮೂರು ಇಂಚಿನ, ಪ್ಲಾಸ್ಟಿಕ್ ಒರೆಯ ಒಳ್ಳೆಯ ಸ್ಟೇನ್‌ಲೆಸ್ ಚಾಕು ಸರಿ. ಜೋಳ, ಉಳ್ಳಾಗಡ್ಡಿಯ ಒಣಹೊಲಕ್ಕೆ ಊರ ಕಂಬಾರನ ಕಮಾನುಪಟ್ಟಿಯ ಚಾಕುವೇ ಮೇಲು. ಅದಕ್ಕೊಂದು ಒರೆಯನ್ನು ತಪ್ಪದೆ ಮಾಡಿಸಿಕೊಳ್ಳಿ.