ನಮ್ಮ ಅನ್ನದ ಬಟ್ಟಲು ಮತ್ತು ಕಿರುಗಾವಲಿನ ಗದ್ದೆ

ಕೆಂಗೇರಿಯಲ್ಲಿ ರಸ್ತೆ ಬದಿ ಸೊಪ್ಪು ಕೊಳ್ಳುವಾಗ ಒಮ್ಮೆ, "ಇದು ಯಾವ ನೀರಿನಲ್ಲಿ ಬೆಳೆದದ್ದಮ್ಮಾ?" ಎಂದು ಕೇಳಿದೆ. ಮಾರುವಾಕೆ ನಕ್ಕಳು. "ಎಲ್ರೂ ರೇಟು ಕೇಳ್ತಾರೆ, ನೀರು ಯಾವ್ದು ಅಂತ ಯಾರೂ ಕೇಳಲ್ಲ" ಎಂದಳು. ಸಹೋದರಿಯರೇ, ನೀವು ಎಂದಾದರೂ ಕೇಳಿದ್ದೀರಾ?

ರಾಜಾಜಿನಗರ, ವಿಜಯನಗರದ ಕಡೆಯ ಮನೆಗಳ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತ ವೃಷಭಾವತಿ, ಕೆಂಗೇರಿ ದಾಟಿ ಬಿಡದಿ ಸಮೀಪದ ಬೈರಮಂಗಲ ಜಲಾಶಯ ಸೇರುತ್ತದೆ. ಅದೇ ನೀರು ಹೊಲಗಳಿಗೂ ಹರಿಯುತ್ತದೆ. ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಬೇರು ಹೀರಿಕೊಂಡರೆ ಸೊಪ್ಪನ್ನು ಎಷ್ಟು ಸಲ ತೊಳೆದರೂ ಅವು ಹೋಗುವುದಿಲ್ಲ. ನಾವು ಬಚ್ಚಲಿಗೆ ಸುರಿದದ್ದು ತಟ್ಟೆಗೆ ಮರಳಿ ಬರುವ ಬಗೆ ಇದು!

ಇದು ನಗರವು ಹೊಲಕ್ಕೆ ಮಾಡಿದ ಅನ್ಯಾಯ. ಆಧುನಿಕ ಬೇಸಾಯವೇ ಮಣ್ಣಿಗೆ ಮಾಡಿದ ಅನ್ಯಾಯ ಇನ್ನೊಂದಿದೆ. 1966ರಲ್ಲಿ ಐಆರ್-8 ಎಂಬ ಗಿಡ್ಡ ಭತ್ತ ಬಂತು. ಇಂಥ ಅಧಿಕ ಇಳುವರಿ ತಳಿಗಳಿಂದ ಹಸಿವು ತಗ್ಗಿದ್ದು ನಿಜ, ಅದನ್ನು ಮರೆಯುವುದು ಕೃತಘ್ನತೆ. ಆದರೆ ಈ ತಳಿಗಳು ಹೆಚ್ಚು ಗೊಬ್ಬರ ಬೇಡುತ್ತವೆ. ಯೂರಿಯಾ ಅತಿಯಾದರೆ ಎಲೆ ಮೆತ್ತಗಾಗಿ ಕೀಟಗಳನ್ನು ಕರೆಯುತ್ತದೆ. ಕೀಟಕ್ಕೆ ವಿಷ ಸಿಂಪಡಿಸಿದರೆ ಅದನ್ನು ತಿನ್ನುವ ಜೇಡ, ಕಪ್ಪೆಗಳೂ ಸಾಯುತ್ತವೆ. ಮರುವರ್ಷ ಇನ್ನಷ್ಟು ವಿಷ ಬೇಕು. ಉಳಿದ ಯೂರಿಯಾ ನೈಟ್ರೇಟ್ ಆಗಿ ಅಂತರ್ಜಲಕ್ಕೆ ಇಳಿಯುತ್ತದೆ. ಅಂಥ ಬಾವಿಯ ನೀರು ಹಸುಗೂಸುಗಳಿಗೆ ಅಪಾಯ.

ಕಾಸರಗೋಡನ್ನು ನೆನಪಿಸಿಕೊಳ್ಳಿ. 1970ರ ದಶಕದ ಕೊನೆಯಿಂದ 2000ದವರೆಗೆ ಅಲ್ಲಿನ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಸುಪ್ರೀಂ ಕೋರ್ಟು ಅದನ್ನು ದೇಶದಾದ್ಯಂತ ತಡೆದದ್ದು 2011ರಲ್ಲಿ. ಕೀಟ ಸಾಯಿಸಲು ಹೊರಟವರ ತಪ್ಪಿನ ಭಾರವನ್ನು ಇಂದಿಗೂ ಅಂಗವಿಕಲ ಮಕ್ಕಳ ತಾಯಂದಿರು ಹೊರುತ್ತಿದ್ದಾರೆ.

ಹಾಗಾದರೆ ದಾರಿಯೇ ಇಲ್ಲವೇ? ಇದೆ. ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಎಂಬ ರೈತರಿದ್ದಾರೆ. ಅವರೂ ಒಂದು ಕಾಲದಲ್ಲಿ ಎಲ್ಲರಂತೆ ರಾಸಾಯನಿಕ ಬೇಸಾಯ ಮಾಡಿದವರೇ. ಒಮ್ಮೆ ಗದ್ದೆಗೆ ಕೀಟನಾಶಕ ಹೊಡೆಯುತ್ತಿದ್ದಾಗ ತಲೆ ತಿರುಗಿ ಬಿದ್ದರು. ಹೊಡೆಯುವವನನ್ನೇ ಕೆಡವುವ ವಿಷ ಉಣ್ಣುವವರಿಗೆ ಏನು ಮಾಡೀತು? ಅಲ್ಲಿಂದ ಅವರು ನಾಟಿ ತಳಿಗಳನ್ನು ಹುಡುಕಿ ಹೊರಟರು. ರಾಜಮುಡಿ, ರತ್ನಚೂಡಿಯಂಥ ನೂರಾರು ಭತ್ತದ ತಳಿಗಳನ್ನು ಕೂಡಿಹಾಕಿ ಬೆಳೆಸುತ್ತ ಬಂದಿದ್ದಾರೆ. ಬೀಜವನ್ನು ಡಬ್ಬಿಯಲ್ಲಿಟ್ಟರೆ ಕ್ರಮೇಣ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಮತ್ತೆ ಮತ್ತೆ ಬಿತ್ತಿದರಷ್ಟೇ ಅದು ಉಳಿದೀತು. ಟಿಪ್ಪು ಸುಲ್ತಾನರ ಕಾಲದ್ದೆಂದು ಹೇಳಲಾಗುವ ಅವರ 'ಬಡಾ ಬಾಗ್' ತೋಪಿನಲ್ಲಿ ನೂರಕ್ಕೂ ಹೆಚ್ಚು ಬಗೆಯ ಮಾವಿದೆ.

ನೆಟ್ಟ ಗಿಡದಿಂದ ಹಕ್ಕಿಯೋ ಪ್ರಾಣಿಯೋ ಮನುಷ್ಯನೋ ತಿಂದರೆ ನೆಟ್ಟವನಿಗೆ ಅದು ದಾನವಾಗುತ್ತದೆಂದು ಪ್ರವಾದಿ(ಸ) ಕಲಿಸಿದ್ದಾರೆ. ಮಕ್ಕಳಿಗೆ ಈ ಪಾಠ ಹೇಳುವಾಗೆಲ್ಲ ನನಗೊಂದು ಪ್ರಶ್ನೆ ಕಾಡುತ್ತದೆ: ಹಕ್ಕಿ ತಿಂದರೆ ದಾನ ಸರಿ, ತಿಂದ ಹಕ್ಕಿ ಸತ್ತುಬಿದ್ದರೆ ಅದು ಯಾರ ಲೆಕ್ಕಕ್ಕೆ?

ನಮಗೆ ಗದ್ದೆಯಿಲ್ಲ, ನಾವೇನು ಮಾಡಲಾದೀತು ಎನ್ನಬೇಡಿ. ರೈತ ಏನು ಬೆಳೆಯಬೇಕೆಂಬುದನ್ನು ಕೊಳ್ಳುವವರೂ ನಿರ್ಧರಿಸುತ್ತಾರೆ. ಮನೆಯಲ್ಲಿ ಏನು ಕೊಳ್ಳಬೇಕೆಂದು ನಿರ್ಧರಿಸುವವರು ಹೆಚ್ಚಾಗಿ ನಾವೇ. ತಿಂಗಳ ರೇಷನ್ನಿನಲ್ಲಿ ಎರಡು ಕೆ.ಜಿ. ರಾಜಮುಡಿಯೋ ರಾಗಿಯೋ ಸೇರಿಸಿ. ಸಾವಯವ ಎಂದು ಮಾರುವ ಪೊಟ್ಟಣದ ಮೇಲೆ 'ಜೈವಿಕ್ ಭಾರತ್' ಮುದ್ರೆ ಇದೆಯೇ ನೋಡಿ. ಬೆಲೆ ಹೆಚ್ಚು, ನಿಜ. ಎಲ್ಲವನ್ನೂ ಕೊಳ್ಳಲಾಗದಿದ್ದರೆ ಮಕ್ಕಳು ದಿನವೂ ತಿನ್ನುವ ಒಂದೆರಡನ್ನಾದರೂ ಆರಿಸಿಕೊಳ್ಳಿ. ತರಕಾರಿ ಸಿಪ್ಪೆಯನ್ನು ಒಣಗಿದ ಎಲೆ, ಸ್ವಲ್ಪ ಮಣ್ಣಿನೊಂದಿಗೆ ತೂತಿರುವ ಡ್ರಮ್ಮಿನಲ್ಲಿ ಹಾಕಿಡಿ, ಎರಡು ಮೂರು ತಿಂಗಳಲ್ಲಿ ಗೊಬ್ಬರವಾಗುತ್ತದೆ. ತಾರಸಿಯ ನಾಲ್ಕು ಕುಂಡಗಳಲ್ಲಿ ಮೆಂತ್ಯ, ಪುದೀನ, ಕೊತ್ತಂಬರಿ ಬರುತ್ತದೆ. ಬಚ್ಚಲಿಗೆ ಸುರಿಯುವ ಆಸಿಡ್ಡನ್ನು ಕಡಿಮೆ ಮಾಡಿ.

ಮುಂದಿನ ಸಲ ಸೊಪ್ಪಿನವಳು ಬಂದಾಗ ರೇಟು ಕೇಳುವ ಮೊದಲು ನೀರು ಯಾವುದೆಂದು ಕೇಳಿ. ಹತ್ತು ಮನೆಗಳಲ್ಲಿ ಅದೇ ಪ್ರಶ್ನೆ ಬಂದರೆ ಆಕೆಯೂ ಬೆಳೆದವನನ್ನು ಕೇಳುತ್ತಾಳೆ. ಬದಲಾವಣೆ ಅಲ್ಲಿಂದಲೇ ಆರಂಭವಾಗಲಿ.