ಇಡೀ ಲೆಡ್ಜರಿನ ನಕಲು: ಡಿಸ್ಕ್ ಇಮೇಜ್



1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಜಹೀರಾಬಾದ್, ನಾರಾಯಣಖೇಡ ಭಾಗಗಳು ಬೀದರ ಜಿಲ್ಲೆ ಬಿಟ್ಟು ಮೆದಕ್ ಜಿಲ್ಲೆಗೆ ಸೇರಿದವು. ಹೊರಗೆ ತೆಲುಗು, ಮನೆಯೊಳಗೆ ಕನ್ನಡ ಎಂಬ ನಮ್ಮ ಬಾಳು ನಿಮಗೆ ಗೊತ್ತೇ ಇದೆ. ಅಜ್ಜಿಯರ ಬೀಸುವ ಪದ, ಮದುವೆಯ ಹಾಡುಗಳನ್ನು ಎಷ್ಟೋ ಮನೆಯವರು ಎಂಪಿ3 ಮಾಡಿಸಿ ಸಿಡಿಗೆ ತುಂಬಿಸಿಟ್ಟಿದ್ದಾರೆ. ಹಾಡಿದವರಲ್ಲಿ ಹಲವರು ಇಂದು ಇಲ್ಲ. ಸಿಡಿಯೂ ಶಾಶ್ವತವಲ್ಲ; ಬಿಸಿಲು, ತೇವ, ಗೀರು ಅದನ್ನು ಕೆಡಿಸುತ್ತವೆ. ಅದು ಕೆಡುವ ಮೊದಲೇ ಡಿಸ್ಕ್ ಇಮೇಜ್ ಮಾಡಿಡಬೇಕು.

ಏನಿದು ಇಮೇಜ್? ನಕಲು ಎಂಬ ಮಾತು ತೆಲುಗಿನಲ್ಲೂ ನಕಲೇ. ಆದರೆ ನಕಲಿನಲ್ಲಿ ಎರಡು ಬಗೆ. ಲೆಡ್ಜರಿನಿಂದ ಬೇಕಾದ ಖಾತೆಗಳನ್ನಷ್ಟೇ ಬರೆದುಕೊಳ್ಳುವುದು ಒಂದು. ಮೊದಲ ಪುಟದಿಂದ ಕೊನೆಯ ಖಾಲಿ ಪುಟದವರೆಗೆ ಇದ್ದದ್ದನ್ನು ಇದ್ದಂತೆಯೇ ಇಳಿಸುವುದು ಇನ್ನೊಂದು. ಇಮೇಜ್ ಎರಡನೆಯ ಬಗೆಯದು. ಇಡೀ ಸಿಡಿ ಒಂದೇ ಫೈಲಾಗುತ್ತದೆ. ಹೆಸರಿನ ಕೊನೆಗೆ ಸಾಮಾನ್ಯವಾಗಿ ಐಎಸ್‌ಒ ಎಂದಿರುತ್ತದೆ. ಖಾಲಿ ಜಾಗವೂ ಬರುವುದರಿಂದ, 16 ಜಿಬಿ ಪೆನ್‌ಡ್ರೈವಿನಲ್ಲಿ 2 ಜಿಬಿ ಮಾತ್ರ ತುಂಬಿದ್ದರೂ ಇಮೇಜ್ 16 ಜಿಬಿಯೇ ಆಗುತ್ತದೆ.

1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್‌ನಲ್ಲಿ ಈ ಕೆಲಸಕ್ಕೆ ಬೇಕಾದ ಸಾಧನಗಳು ಪುಕ್ಕಟೆ ಸಿಗುತ್ತವೆ. ಮೊದಲು ಎಲ್‌ಎಸ್‌ಬಿಎಲ್‌ಕೆ ಎಂಬ ಆಜ್ಞೆ ಕೊಡಿ. ಕಂಪ್ಯೂಟರಿಗೆ ಜೋಡಿಸಿದ ಡಿಸ್ಕುಗಳ ಹೆಸರೂ ಗಾತ್ರವೂ ಕಾಣುತ್ತವೆ. ಸಿಡಿಯ ಹೆಸರು ಹೆಚ್ಚಾಗಿ ಎಸ್‌ಆರ್0 ಎಂದಿರುತ್ತದೆ. ಪೆನ್‌ಡ್ರೈವ್ ಆದರೆ ಅದನ್ನು ಮೊದಲು ಅನ್‌ಮೌಂಟ್ ಮಾಡಿರಿ.

ನಕಲು ಮಾಡುವ ಆಜ್ಞೆ ಡಿಡಿ. ಅದರಲ್ಲಿ ಐಎಫ್ ಎಂದರೆ ಎಲ್ಲಿಂದ, ಓಎಫ್ ಎಂದರೆ ಎಲ್ಲಿಗೆ. ಬ್ಯಾಂಕಿನ ವರ್ಗಾವಣೆ ಚೀಟಿಯಲ್ಲಿ ಎರಡು ಖಾತೆಗಳು ಅದಲುಬದಲಾದರೆ ಹೇಗೋ, ಇಲ್ಲಿಯೂ ಹಾಗೆಯೇ. ಒಂದು ಭೇದವಿದೆ: ಬ್ಯಾಂಕಿನ ನಮೂದನ್ನು ಮರುದಿನ ತಿದ್ದಬಹುದು, ಡಿಡಿ ಅಳಿಸಿ ಬರೆದದ್ದು ಮರಳಿ ಬಾರದು. ಅದು ನಿಮ್ಮನ್ನು ಕೇಳುವುದೂ ಇಲ್ಲ. ಆದ್ದರಿಂದ ಎಂಟರ್ ಒತ್ತುವ ಮುನ್ನ ಎರಡು ಸಲ ಓದಿರಿ. ಆಜ್ಞೆ ಬೇಡವೆನ್ನುವವರಿಗೆ ಡಿಸ್ಕ್ಸ್ ಎಂಬ ತಂತ್ರಾಂಶವಿದೆ. ಅದರ ಮೆನುವಿನಲ್ಲಿ ಕ್ರಿಯೇಟ್ ಡಿಸ್ಕ್ ಇಮೇಜ್ ಒತ್ತಿದರೆ ಸಾಕು.

ಗೀರು ಬಿದ್ದ ಸಿಡಿಗೆ ಡಿಡಿ ಸಾಲದು. ಓದಲಾಗದ ಜಾಗ ಸಿಕ್ಕರೆ ಅದು ನಿಂತುಬಿಡುತ್ತದೆ. ಡಿಡಿರೆಸ್ಕ್ಯೂ ಎಂಬುದು ಕೆಟ್ಟ ಜಾಗವನ್ನು ಗುರುತಿಟ್ಟು ಮುಂದೆ ಹೋಗಿ, ಉಳಿದದ್ದನ್ನೆಲ್ಲ ತೆಗೆದ ಮೇಲೆ ಮತ್ತೆ ಅಲ್ಲಿಗೆ ಬಂದು ಪ್ರಯತ್ನಿಸುತ್ತದೆ. ಟೇಪಿನಂತೆ ನೇರ ನುಡಿಸುವ ಆಡಿಯೋ ಸಿಡಿಯ ದಾರಿ ಬೇರೆ. ಅದಕ್ಕೆ ಹಾಡುಗಳನ್ನು ಹೊರತೆಗೆಯುವ ತಂತ್ರಾಂಶ ಬೇಕು.

ನಕಲಾದ ಮೇಲೆ ತಾಳೆ ನೋಡದೆ ಲೆಕ್ಕ ಮುಗಿಸಬಾರದು. ಎಸ್‌ಎಚ್‌ಎ256ಸಮ್ ಆಜ್ಞೆಯನ್ನು ಮೂಲಕ್ಕೊಮ್ಮೆ, ಇಮೇಜಿಗೊಮ್ಮೆ ಕೊಡಿ. ಎರಡು ಕಡೆಯೂ 64 ಅಕ್ಷರಗಳ ಸಾಲು ಬರುತ್ತದೆ. ಸಾಲುಗಳು ಒಂದೇ ಆಗಿದ್ದರೆ ನಕಲು ಸರಿ. ಒಂದು ಅಕ್ಷರ ಬೇರೆಯಾದರೂ ಮತ್ತೆ ಮಾಡಿರಿ.

ಇಮೇಜ್ ಸಿದ್ಧವಾದ ಮೇಲೆ ಸಿಡಿಯ ಹಂಗಿಲ್ಲ. ಫೈಲನ್ನು ಮೌಂಟ್ ಮಾಡಿದರೆ ಒಳಗಿನ ಹಾಡುಗಳು ಮೊದಲಿನಂತೆಯೇ ತೆರೆದುಕೊಳ್ಳುತ್ತವೆ. ಒಂದು ಪ್ರತಿ ನಿಮ್ಮಲ್ಲಿರಲಿ, ಇನ್ನೊಂದು ಬೀದರದಲ್ಲೋ ಹೈದರಾಬಾದಿನಲ್ಲೋ ಇರುವ ಬೀಗರ ಮನೆಯಲ್ಲಿರಲಿ. ಹೊಸ ಪ್ರತಿ ಮಾಡಲು ಖರ್ಚು ಹೆಚ್ಚಿಲ್ಲ. ಅಜ್ಜಿಯ ದನಿಗೆ ಬೇರೆ ಪ್ರತಿ ಇಲ್ಲ.